ಅಕ್ಕಿ ಓದುವ ಅಜ್ಜಿ ಮತ್ತು ನಮ್ಮ ಇತರ ಓದುಗರು

ಗ್ರಂಥಾಲಯ ಅಂದರೆ ಸದ್ದುಗದ್ದಲವಿಲ್ಲದ ಜಾಗ, ಆರಾಮಾಗಿ ಕೂತು ಕೆಲಸ ಮಾಡಬಹುದು ಅಂತ ನಂಬಿ ಈ ನೌಕರಿಗೆ ಸೇರಿದವಳು ನಾನು. ಸೇರಿದ ಮೇಲೆ ಗೊತ್ತಾಯಿತು, ಇಲ್ಲಿ ಕಷ್ಟದ ಕೆಲಸ ಅಂದರೆ ನಗು ತಡೆದುಕೊಳ್ಳುವುದು. ತೊಂಬತ್ತರ ದಶಕದ ಕೊನೆಗೆ ಮೈಸೂರಿನ ನಮ್ಮ ಪುಟ್ಟ ಶಾಖೆಗೆ ವಯಸ್ಸಾದವರಿಗೆ, ಅಂಗವಿಕಲರಿಗೆ ಅನುಕೂಲವಾಗಲಿ ಅಂತ ಒಂದೊಂದೇ ಯಂತ್ರ ಬರತೊಡಗಿದವು ನೋಡಿ, ಅಲ್ಲಿಂದ ಮುಂದೆ ಒಂದು ವಾರವೂ ನೆಟ್ಟಗೆ ಕಳೆಯಲಿಲ್ಲ.

ಮಹಡಿ ಮೇಲಿನ ಅನುಕೂಲ

ಮೊದಲು ಬಂದದ್ದು ಒಂದು ಕಂಪ್ಯೂಟರ್. 'ಹಿರಿಯ ನಾಗರಿಕರು ಮತ್ತು ಅಂಗವಿಕಲರಿಗಾಗಿ' ಅನ್ನುವ ಬೋರ್ಡೂ ಅದರ ಜೊತೆಗೇ ಬಂತು. ಅದನ್ನು ಎಲ್ಲಿಡಬೇಕು ಅಂತ ನೋಡಲು ನಮ್ಮ ಮೇಲಿನ ಸಾಹೇಬರು ಬಂದರು. ಕಟ್ಟಡವನ್ನೆಲ್ಲ ಒಂದು ಸುತ್ತು ಹಾಕಿ, "ಕೆಳಗಡೆ ಧೂಳು ಜಾಸ್ತಿ. ಮಹಡಿ ಮೇಲೆ ಇಡಿಸಿ" ಅಂದರು.

"ಸಾರ್, ಇದು ಮೆಟ್ಟಿಲು ಹತ್ತೋಕೆ ಆಗದವರಿಗೆ ಅಂತಲೇ ಬಂದಿರೋದು."

"ಅವರು ಹತ್ತೋದು ಬಿಡೋದು ಆಮೇಲಿನ ಮಾತು ಕಣಮ್ಮ. ಮೊದಲು ಕಂಪ್ಯೂಟರ್ ಕ್ಷೇಮವಾಗಿರಬೇಕು."

ಕೆಳಗೇ ಇಡಿಸಿ ಅಂತ ನಾನು ಮತ್ತೆ ಮತ್ತೆ ಬರೆದು ಕಳಿಸಿದೆ. ಫೈಲು ಕೂತ ಜಾಗದಿಂದ ಏಳಲಿಲ್ಲ. ಉದ್ಘಾಟನೆಯ ದಿನ ಬಂದೇ ಬಂತು. ಮೊದಲ ಬಳಕೆದಾರರಾಗಿ ಒಬ್ಬ ವಾಚ್ ರಿಪೇರಿಯವರನ್ನು ಕರೆದಿದ್ದೆವು. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಕಾಲು ಹೋದವರು. ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಗಾಡಿಯಲ್ಲಿ ಬಂದು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ, ತಲೆಯೆತ್ತಿ ಮೇಲೆ ನೋಡಿದರು.

"ನಾನು ಇಲ್ಲೇ ಇರ್ತೀನಿ ಮೇಡಂ. ಕಂಪ್ಯೂಟರಿಗೇ ಇಳಿದು ಬರೋಕೆ ಹೇಳಿ."

ಪತ್ರಿಕೆಯ ಫೋಟೋಗ್ರಾಫರ್ ಪಕ್ಕದಲ್ಲೇ ನಿಂತಿದ್ದ. ಸಾಹೇಬರಿಗೆ ಹುರುಪು ಬಂತು. "ಅದಕ್ಕೇನಂತೆ, ಎತ್ತಿಕೊಂಡು ಹೋಗೋಣ!" ಅಂದವರೇ ಅವರನ್ನು ಒಂದು ಕುರ್ಚಿಯಲ್ಲಿ ಕೂರಿಸಿದರು. ಕುರ್ಚಿಯ ಒಂದು ಕಾಲನ್ನು ನಮ್ಮ ಅಟೆಂಡರ್ ಹಿಡಿದ. ಎರಡನ್ನು ದಿನಾ ಪೇಪರ್ ಓದಲು ಬರುವ ಇಬ್ಬರು ನಿವೃತ್ತರು ಹಿಡಿದರು. ಕ್ಯಾಮೆರಾ ಇದ್ದ ಕಡೆಯ ಕಾಲನ್ನು ಸಾಹೇಬರೇ ಹಿಡಿದರು. ವಾಚ್ ರಿಪೇರಿಯವರು ಮೇಲೆ ಕೂತು, "ಸಾರ್, ನಿಮ್ಮ ಕಡೆ ಇಳೀತಿದೆ, ಸ್ವಲ್ಪ ಎತ್ತಿ, ಇನ್ನೂ ಎತ್ತಿ" ಅಂತ ಹೇಳಿಕೊಡುತ್ತಾ ಹೋದರು. ಮೆಟ್ಟಿಲು ತಿರುಗುವ ಕಡೆ ಸಾಹೇಬರ ಸೊಂಟದಿಂದ 'ಕಟಕ್' ಅಂತ ಸದ್ದು ಬಂತು.

ವಾಚ್ ರಿಪೇರಿಯವರು ಮೇಲೆ ತಲುಪಿ ಖುಷಿಯಾಗಿ ತಮ್ಮ ಹೆಸರು ಟೈಪ್ ಮಾಡಿದರು. ಸಾಹೇಬರು ಮಾತ್ರ ಬಾಗಿದವರು ಬಾಗಿದ ಹಾಗೇ ನಿಂತಿದ್ದರು. ಕೊನೆಗೆ ಅದೇ ಕುರ್ಚಿಯಲ್ಲಿ ಅವರನ್ನೂ ಕೂರಿಸಿ ಕೆಳಗಿಳಿಸಬೇಕಾಯಿತು.

ಮರುದಿನ ಬೆಳಿಗ್ಗೆಯೇ ಆರ್ಡರ್ ಬಂತು: ಕಂಪ್ಯೂಟರನ್ನು ಕೂಡಲೇ ಕೆಳಗಿಡತಕ್ಕದ್ದು. ವಿಷಯ ಕೇಳಿ ವಾಚ್ ರಿಪೇರಿಯವರು ನಿಟ್ಟುಸಿರು ಬಿಟ್ಟರು. "ಪಾಪ ಮೇಡಂ, ಫೈಲು ಅಲ್ಲಾಡಬೇಕಾದ್ರೆ ಸೊಂಟ ಅಲ್ಲಾಡಬೇಕಾಯ್ತು."

ಅಕ್ಕಿ ಓದುವ ಅಜ್ಜಿ

ಆಮೇಲೆ ಬಂದದ್ದು ಅಕ್ಷರ ಹಿಗ್ಗಿಸುವ ಯಂತ್ರ. ಕೆಳಗೆ ಪುಸ್ತಕ ಇಟ್ಟರೆ ಮೇಲಿನ ಪರದೆಯಲ್ಲಿ ಒಂದೊಂದು ಅಕ್ಷರ ಅಂಗೈಯಗಲ ಕಾಣುತ್ತಿತ್ತು. ದೃಷ್ಟಿ ಮಂಜಾದವರಿಗೆ ಅಂತ ಕೊಟ್ಟದ್ದು. ಕೊಟ್ಟು ತಿಂಗಳಾದರೂ ಯಾರೂ ಹತ್ತಿರ ಸುಳಿಯಲಿಲ್ಲ. ಒಂದು ಮಧ್ಯಾಹ್ನ ಶ್ರೀರಾಂಪುರದ ಕಡೆಯ ಅಜ್ಜಿಯೊಬ್ಬರು ಬಂದು ಅದನ್ನು ಸುತ್ತಲೂ ನೋಡಿದರು.

"ಇದು ಕಣ್ಣು ಕಾಣ್ದೋರಿಗೇನವ್ವ?"

"ಹೌದಜ್ಜಿ. ಏನಿಟ್ಟರೂ ದೊಡ್ಡದಾಗಿ ಕಾಣುತ್ತೆ."

ಮರುದಿನ ಅಜ್ಜಿ ಮೊರ ಹಿಡಿದು ಬಂದರು. ಮೊರದ ತುಂಬ ಅಕ್ಕಿ. ನಾನು ಎದ್ದು ಬರುವಷ್ಟರಲ್ಲಿ ಮೊರ ಯಂತ್ರದ ಕೆಳಗೆ ಸೇರಿತ್ತು. ಪರದೆಯ ಮೇಲೆ ಅಕ್ಕಿಕಾಳು ಬಾಳೆಹಣ್ಣಿನ ಹಾಗೆ ಮಲಗಿದ್ದವು. ನಡುವೆ ಒಂದು ಕಲ್ಲು, ಥೇಟ್ ಚಾಮುಂಡಿ ಬೆಟ್ಟ.

"ಅಜ್ಜೀ, ಇದು ಪುಸ್ತಕ ಓದೋಕೆ!"

"ನೋಡವ್ವ, ಅಕ್ಸರ ಕಾಣ್ದಿದ್ರೆ ಅಲ್ಲು ಮುರಿಯಾಕಿಲ್ಲ. ಕಲ್ಲು ಕಾಣ್ದಿದ್ರೆ ಮುರೀತದೆ."

ವಾರದೊಳಗೆ ಅಕ್ಕಪಕ್ಕದವರೆಲ್ಲ ಬೇಳೆ, ಉದ್ದು, ಜೀರಿಗೆ ಹಿಡಿದು ಸಾಲು ನಿಂತರು. ಒಬ್ಬರು ಸೂಜಿಗೆ ದಾರ ಪೋಣಿಸಿಕೊಂಡು ಹೋದರು. ಇನ್ನೊಬ್ಬರು ಟೇಬಲ್ ಮೇಲೆ ಕಾಲಿಟ್ಟು ಮುಳ್ಳು ತೆಗೆಸಿಕೊಂಡರು. ಅವರ ಪಾದ ಪರದೆಯ ಮೇಲೆ ನೋಡಿದವರು ಯಾರೂ ಸಂಜೆ ತಿಂಡಿ ತಿನ್ನಲಿಲ್ಲ.

ವಿಷಯ ಮೇಲಕ್ಕೆ ಮುಟ್ಟಿ, 'ಈ ಯಂತ್ರ ಓದುವುದಕ್ಕೆ ಮಾತ್ರ' ಅಂತ ಬೋರ್ಡ್ ಹಾಕಿಸಬೇಕಾಯಿತು. ಮರುದಿನ ಅಜ್ಜಿ ಮೊರವಿಲ್ಲದೆ ಬಂದರು. ದಿನಪತ್ರಿಕೆಯ ಹಾಳೆ ಹರಡಿ, ಅದರ ಮೇಲೆ ಸೆರಗಿನಿಂದ ಅಕ್ಕಿ ಸುರಿದು, ಕಲ್ಲು ಆರಿಸತೊಡಗಿದರು. ಬೋರ್ಡ್ ತೋರಿಸಿದೆ.

"ಪೇಪರ್ ತಾನೇ ಓದ್ತಾ ಇರೋದು?" ಅಂದರು ಅಜ್ಜಿ. "ಅಕ್ಕಿ ಅಡ್ಡ ಬಂದ್ಬುಡ್ತು, ಅದ್ನ ಎತ್ತಿ ಆಕ್ತಾ ಇವ್ನಿ."

ಕೈ ಒತ್ತಿದ್ದು

ವಿಜಯನಗರದ ನಿವೃತ್ತ ಪೋಸ್ಟ್ ಮಾಸ್ಟರ್ ಒಬ್ಬರಿಗೆ ಕೈ ನಡುಕ. ಗುಂಡಿ ಒಂದು ಸಲ ಒತ್ತಿದರೆ ಕಂಪ್ಯೂಟರಿಗೆ ಹತ್ತಾರು ಸಲ ಒತ್ತಿದ ಹಾಗಾಗುತ್ತಿತ್ತು. ಒಂದು ದಿನ ಸಕ್ಕರೆ ಕಾಯಿಲೆಯವರ ಪಥ್ಯದ ಬಗ್ಗೆ ಒಂದು ಪುಟ ಪ್ರಿಂಟ್ ಕೊಟ್ಟರು. ಪ್ರಿಂಟರ್ ಅದನ್ನೇ ಉಗುಳುತ್ತಾ ಹೋಯಿತು, ಕಾಗದ ಮುಗಿಯುವವರೆಗೂ.

"ಒಂದೇ ಸಲ ಒತ್ತಬೇಕಿತ್ತು ಸಾರ್."

"ನಾನು ಒಂದೇ ಸಲ ಒತ್ತಿದ್ದು ಕಣಮ್ಮ. ಉಳಿದದ್ದು ನನ್ನ ಕೈ ಒತ್ತಿದ್ದು."

ಒಂದು ಒತ್ತನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವಂತೆ ಕಂಪ್ಯೂಟರಿನಲ್ಲೇ ಒಂದು ಏರ್ಪಾಡು ಇತ್ತು. ಅದನ್ನು ಅವತ್ತೇ ಹುಡುಕಿ ಹಾಕಿಕೊಟ್ಟೆವು. ಆದರೆ ಅಷ್ಟರಲ್ಲಿ ಅವರು ಆ ಕಾಗದದ ಕಟ್ಟನ್ನು ಚೀಲಕ್ಕೆ ತುಂಬಿಕೊಂಡು ಹೊರಟಿದ್ದರು. ಸಂಜೆಯೊಳಗೆ ಅವರ ಬೀದಿಯ ಪ್ರತಿ ಮನೆಯ ಬಾಗಿಲಲ್ಲೂ ಒಂದೊಂದು ಪಥ್ಯದ ಹಾಳೆ. ಯಾಕೆ ಸಾರ್ ಅಂದರೆ, "ಕೈಗೆ ಬಂದ ಕಾಗದ ಬಟವಾಡೆ ಮಾಡದೆ ಮನೆಗೆ ಹೋಗಿ ನನಗೆ ಅಭ್ಯಾಸ ಇಲ್ಲ" ಅಂದರು.

ಸ್ಪೀಡು ಜಾಸ್ತಿಯಾಯ್ತು

ಎರಡು ಸಾವಿರದ ಇಸವಿ ದಾಟಿದ ಮೇಲೆ, ಅಂಧರಿಗಾಗಿ ಪರದೆಯ ಮೇಲಿನದನ್ನೆಲ್ಲ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಬಂತು. ಅದನ್ನು ಚೆನ್ನಾಗಿ ಕಲಿತವರು ಜಯಲಕ್ಷ್ಮಿಪುರಂನ ಸಂಗೀತದ ಮೇಷ್ಟ್ರು. ಹುಟ್ಟಿನಿಂದ ಕಣ್ಣಿಲ್ಲದ, ಕಿವಿ ಬಲು ಚುರುಕಿನ ಯುವಕರು. ಯಂತ್ರವನ್ನು ಎಷ್ಟು ವೇಗವಾಗಿ ಓಡಿಸುತ್ತಿದ್ದರೆಂದರೆ ನಮಗೆಲ್ಲ ಅದು ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳುತ್ತಿತ್ತು.

ಒಂದು ದಿನ ಇಯರ್‌ಫೋನ್ ಕೆಟ್ಟಿತ್ತು. ಮೇಷ್ಟ್ರು ಅವತ್ತೇ ಒಂದು ಮುಖ್ಯವಾದ ಇ-ಮೇಲ್ ಓದಲೇಬೇಕಿತ್ತು.

"ಸ್ಪೀಕರಿನಲ್ಲೇ ಹಾಕಿ ಮೇಡಂ. ನನ್ನ ಸ್ಪೀಡಿಗೆ ಇಲ್ಲಿ ಯಾರಿಗೂ ಒಂದಕ್ಷರ ತಿಳಿಯೋಲ್ಲ."

ಯಂತ್ರ ಚಟಪಟ ಅಂತ ಸಿಡಿದು ನಿಂತಿತು. ಓದುವ ಹಾಲಿನಲ್ಲಿ ಯಾರೂ ತಲೆಯೆತ್ತಲಿಲ್ಲ. ಮೇಷ್ಟ್ರ ಮುಖ ಮಾತ್ರ ಕೆಂಪಾಗಿತ್ತು. ಆಗ ಮೂಲೆಯಲ್ಲಿ ಕೂತಿದ್ದ ಕೋರ್ಟಿನ ನಿವೃತ್ತ ಸ್ಟೆನೋ ಪೆನ್ಸಿಲ್ ಹಿಡಿದು ಎದ್ದು ಬಂದರು. ಜನ್ಮವಿಡೀ ಡಿಕ್ಟೇಶನ್ ತೆಗೆದುಕೊಂಡ ಕೈ. ವೇಗದ ಮಾತು ಕಿವಿಗೆ ಬಿದ್ದದ್ದೇ ತಡ, ಪೇಪರಿನ ಅಂಚಿನಲ್ಲಿ ಶಾರ್ಟ್‌ಹ್ಯಾಂಡಿನಲ್ಲಿ ಎಲ್ಲವನ್ನೂ ಬರೆದುಕೊಂಡಿದ್ದರು.

"ಮೇಷ್ಟ್ರೇ, ಕ್ಷಮಿಸಬೇಕು, ಒಂದು ಪದ ತಪ್ಪಿಹೋಯ್ತು. ಹುಡುಗಿ ನಿಮ್ಮ ತಾಯಿ ಜೊತೆ ಹೊಂದಿಕೊಂಡು ಹೋಗ್ತೀನಿ ಅಂದಿದ್ದೋ, ಹೋಗಲ್ಲ ಅಂದಿದ್ದೋ?"

ಹಾಲಿನಲ್ಲಿದ್ದ ಪೇಪರುಗಳೆಲ್ಲ ಒಟ್ಟಿಗೇ ಕೆಳಗಿಳಿದವು. ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತರು. ಪತ್ರ ಬರೆದವರು ಹಾಸನದ ಕಾಲೇಜೊಂದರ ಇಂಗ್ಲಿಷ್ ಉಪನ್ಯಾಸಕಿ, ಮದುವೆ ಮಾತು ನಡೆಯುತ್ತಿತ್ತು ಅನ್ನುವುದು ಹೀಗೆ ಎಲ್ಲರಿಗೂ ಗೊತ್ತಾಯಿತು.

"ನನಗೂ ಅಲ್ಲೇ ಅನುಮಾನ," ಅಂದರು ಮೇಷ್ಟ್ರು ಮೆಲ್ಲಗೆ.

"ಇನ್ನೊಂದು ಸಲ ಹಾಕ್ಸಿ," ಅಂತ ಹಿಂದಿನಿಂದ ಯಾರೋ ಕೂಗಿದರು. ಹಾಕಿಸಿದೆವು. ಅರ್ಧ ಜನ 'ಹೋಗ್ತೀನಿ' ಅಂದರು, ಅರ್ಧ ಜನ 'ಹೋಗಲ್ಲ' ಅಂದರು. ಕೊನೆಗೆ ಮೇಷ್ಟ್ರು ವೇಗವನ್ನು ಪೂರ್ತಿ ಇಳಿಸಿದರು. ಯಂತ್ರ ನಿದ್ದೆಗಣ್ಣಿನಲ್ಲಿ ಮಾತಾಡಿದ ಹಾಗೆ ಒಂದೊಂದೇ ಪದ ಎಳೆಯಿತು. ಎಲ್ಲರೂ ಉಸಿರು ಬಿಗಿ ಹಿಡಿದು ಕೇಳಿದರು. ಉಪನ್ಯಾಸಕಿ ಬರೆದಿದ್ದದ್ದು ಇಷ್ಟು: ನಿಮ್ಮ ತಾಯಿಯವರು ನನ್ನ ಜೊತೆ ಹೊಂದಿಕೊಂಡರೆ, ನಾನೂ ಅವರ ಜೊತೆ ಹೊಂದಿಕೊಂಡು ಹೋಗುತ್ತೇನೆ.

"ಜಾಣೆ ಕಣ್ರೀ! ಒಪ್ಕೊಂಡ್ಬುಡಿ!" ಅಂತ ಹಾಲಿಗೆ ಹಾಲೇ ತೀರ್ಪು ಕೊಟ್ಟಿತು.

ಮದುವೆಗೆ ನಾವೆಲ್ಲ ಹೋಗಿದ್ದೆವು. ಪುರೋಹಿತರು ಮುಹೂರ್ತ ಮೀರೀತು ಅಂತ ಮಂತ್ರಗಳನ್ನು ಓಡಿಸುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಸ್ಟೆನೋ ಆಮಂತ್ರಣ ಪತ್ರದ ಹಿಂದೆ ಏನೋ ಗೀಚುತ್ತಿದ್ದವರು ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ಮೇಡಂ, ಇವರು ಮಧ್ಯೆ ಎರಡು ಸಾಲು ಹಾರಿಸಿದ್ರು."

ಬಾಯಲ್ಲಿ ಹೇಳುವ ಹಾಗಿಲ್ಲ

ಹಿರಿಯರಿಗೆಲ್ಲ ಒಂದೊಂದು ಇ-ಮೇಲ್ ವಿಳಾಸ ಮಾಡಿಕೊಟ್ಟಿದ್ದೆವು. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ ಅಂತ ಸಾರಿ ಸಾರಿ ಹೇಳಿದ್ದೆ. ಅದನ್ನು ಚಾಚೂ ತಪ್ಪದೆ ಪಾಲಿಸಿದವರು ಒಬ್ಬ ಗೃಹಿಣಿ. ವಯಸ್ಸು ಎಪ್ಪತ್ತರ ಹತ್ತಿರ, ಮಿತಭಾಷಿ, ಮುಡಿಯಲ್ಲಿ ಯಾವಾಗಲೂ ಮಲ್ಲಿಗೆ.

ಒಂದು ಬೆಳಿಗ್ಗೆ ಅವರು ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದರು. ಪೊರೆಯ ಆಪರೇಷನ್ ಆಗಿತ್ತು. ಧಾರವಾಡದಲ್ಲಿರುವ ಮಗಳು ಬಾಣಂತಿ. ಮೊಮ್ಮಗಳ ಮೊದಲ ಫೋಟೋ ಇ-ಮೇಲಿನಲ್ಲಿ ಬಂದಿತ್ತು.

"ಫೋಟೋ ದೊಡ್ಡದು ಮಾಡಿದ್ರೆ ಈ ಕಣ್ಣಿಗೆ ಕಾಣುತ್ತೆ ಮೇಡಂ. ಕೀಬೋರ್ಡಿನ ಅಕ್ಷರ ಕಾಣಲ್ಲ. ನೀವೇ ಒತ್ತಿಕೊಡಿ."

"ಪಾಸ್‌ವರ್ಡ್ ಹೇಳಿ."

ಅವರು ತಲೆ ತಗ್ಗಿಸಿದರು. "ಅದನ್ನ ನಾನು ಬಾಯಲ್ಲಿ ಹೇಳೋ ಹಾಗಿಲ್ಲ."

"ಯಾಕಮ್ಮ?"

"ನಮ್ಮ ಯಜಮಾನರದ್ದು."

ಹಾಲಿನಲ್ಲಿದ್ದ ಹೆಂಗಸರೆಲ್ಲ ಥಟ್ಟನೆ ಅರ್ಥ ಮಾಡಿಕೊಂಡರು. ಹಿಂದಿನ ಕಾಲದವರು, ಗಂಡನ ಹೆಸರು ಹೇಗೆ ಹೇಳಿಯಾರು! ಎಲ್ಲರೂ ಸಹಾಯಕ್ಕೆ ನುಗ್ಗಿದರು. "ಶಿವನ ಹೆಸರೇನಮ್ಮ?" "ವಿಷ್ಣುವಿನದಾ?" "ಬರೀ ಮೊದಲಕ್ಷರ ಹೇಳಿ ಸಾಕು!" ಒಂದೊಂದಕ್ಕೂ ಅವರು ಇಲ್ಲ ಇಲ್ಲ ಅಂತ ತಲೆಯಾಡಿಸಿ, "ದೇವರ ಹೆಸರೇ ಅಲ್ಲ, ಬಿಟ್ಬುಡಿ, ನಾಳೆ ನೋಡೋಣ" ಅಂತ ಬೆವರು ಒರೆಸಿಕೊಂಡರು. ಯಾರೂ ಬಿಡಲಿಲ್ಲ.

ಅಷ್ಟರಲ್ಲಿ ತರಕಾರಿ ಚೀಲ ಹಿಡಿದು ಯಜಮಾನರೇ ಬಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಸಾರ್, ನಿಮ್ಮ ಹೆಸರು ಬೇಕಿತ್ತು. ಅಮ್ಮ ಅದನ್ನೇ ಪಾಸ್‌ವರ್ಡ್ ಇಟ್ಟಿದ್ದಾರೆ."

ಯಜಮಾನರು ಚೀಲ ಕೆಳಗಿಟ್ಟರು. "ನನ್ನ ಹೆಸರಾ? ಮದುವೆಯಾದಾಗಿಂದ ಒಂದು ದಿನವೂ ನನ್ನ ಹೆಸರೆತ್ತಿದವಳಲ್ಲ. ಮನಸ್ಸಿನಲ್ಲಿ ಇಷ್ಟು ಇಟ್ಕೊಂಡಿದ್ದಾಳೆ ಅಂತ ನನಗೇ ಗೊತ್ತಿರಲಿಲ್ಲ ಕಣ್ರೀ."

ಹೆಸರು ಹೇಳಿದರು. ಒತ್ತಿದೆ. ತೆರೆಯಲಿಲ್ಲ. ಇನಿಷಿಯಲ್ ಸೇರಿಸಿದರು. ಇಲ್ಲ. ಹಿಂದೆ 'ಶ್ರೀ' ಹಾಕಿಸಿದರು, ಮುಂದೆ 'ಬಿ.ಎಸ್ಸಿ.' ಹಾಕಿಸಿದರು. ತಾಯಿ ಕರೆಯುತ್ತಿದ್ದ ಮುದ್ದಿನ ಹೆಸರನ್ನು ನಾಚಿಕೊಂಡು ನನ್ನ ಕಿವಿಯಲ್ಲಿ ಹೇಳಿದರು. ಅದೂ ಇಲ್ಲ. "ನಿಮ್ಮ ಕಂಪ್ಯೂಟರ್ ಕೆಟ್ಟಿದೆ," ಅಂತ ಎದ್ದು ನಿಂತರು.

ಆಗ ಆಕೆ ನನ್ನ ಸೀರೆಯ ಸೆರಗು ಜಗ್ಗಿದರು. ಬಾಗಿದೆ. ಕಿವಿಯಲ್ಲಿ ಒಂದೇ ಒಂದು ಪದ ಹೇಳಿದರು. ನಾನು ಕೆಳತುಟಿ ಕಚ್ಚಿಕೊಂಡು ಅದನ್ನೇ ಒತ್ತಿದೆ. ಇ-ಮೇಲ್ ಪೆಟ್ಟಿಗೆ ಥಟ್ಟನೆ ತೆರೆಯಿತು. ಪರದೆಯ ತುಂಬ ಮುಷ್ಟಿ ಬಿಗಿದುಕೊಂಡು ಆಕಳಿಸುವ ಮಗು. ಅಜ್ಜಿಯ ಒಂಟಿ ಕಣ್ಣು ತುಂಬಿ ಬಂತು. ತಾತನೂ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಹಾಲಿನವರೆಲ್ಲ ಮೂಗು ಯಾರ ಕಡೆಯದು ಅಂತ ಚರ್ಚೆ ಶುರು ಮಾಡಿದರು.

ತಾತ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ಅದು ಸರಿ, ಕೊನೆಗೆ ನನ್ನ ಯಾವ ಹೆಸರಿಗೆ ತೆರೀತು?"

ನಾನು ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡುತ್ತಾ, "ಮನೆಯಲ್ಲಿ ಕರೆಯೋ ಹೆಸರಿಗೆ ಸಾರ್" ಅಂದೆ.

ಅವರು ಗಲ್ಲ ಕೆರೆದುಕೊಂಡು, ಇಡೀ ಹಾಲಿಗೆ ಕೇಳುವ ಹಾಗೆ ಅಂದರು: "ಮನೆಯಲ್ಲಾ? ಮನೆಯಲ್ಲಿ ಇವಳು ನನ್ನನ್ನ ದಂಡಪಿಂಡ ಅನ್ನೋದು ಬಿಟ್ರೆ ಬೇರೆ ಏನೂ ಕರೆಯೋದೇ ಇಲ್ವಲ್ರೀ?"

ಆಕೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು.

"ಅಯ್ಯೋ ದಂಡಪಿಂಡ! ಎಲ್ಲರ ಮುಂದೆ ಪಾಸ್‌ವರ್ಡ್ ಹೇಳ್ಬುಟ್ರಲ್ಲಾ!"