ಕಾಕುವಿನ ಸೊಂಟದ ಪ್ಯಾಚು

ನಮ್ಮ ಚಿಕ್ಕಮ್ಮ ಕಾಕುವಿನಷ್ಟು ಸಿಟ್ಟಿನ ಹೆಂಗಸು ಪುಣೆಯಲ್ಲಿ ಇನ್ನೊಬ್ಬಳಿದ್ದರೆ ತೋರಿಸಿ, ಆಕೆಗೂ ಕೈ ಮುಗಿಯುತ್ತೇನೆ! ಡಿಸೆಂಬರಿನ ಚಳಿಯಲ್ಲೂ ಫ್ಯಾನು ಜೋರಾಗಿ ತಿರುಗಬೇಕು. ನಾವೆಲ್ಲ ರಗ್ಗು ಹೊದ್ದು ಊಟಕ್ಕೆ ಕೂರುತ್ತಿದ್ದೆವು. ಯಾರಾದರೂ ಸ್ವಿಚ್ಚಿನ ಕಡೆ ಕಣ್ಣು ಹಾಯಿಸಿದರೆ ಲಟ್ಟಣಿಗೆ ಮೇಲೇಳುತ್ತಿತ್ತು.

ಇದು ತೊಂಬತ್ತರ ದಶಕದ ಮಾತು. ಕಾಕುವಿಗೆ ಮುಟ್ಟು ನಿಲ್ಲುವ ಕಾಲ. ಎದೆಯಿಂದ ಬಿಸಿ ಏರಿ, ಮುಖ ಕೆಂಪಾಗಿ, ಬೆವರು ಸುರಿಯುತ್ತಿತ್ತು. ನಿದ್ದೆಯಂತೂ ಇಲ್ಲವೇ ಇಲ್ಲ. ಕಾಕಾ ಪರಿಚಯದ ಡಾಕ್ಟರ ಬಳಿ ಕರೆದೊಯ್ದರು, ನಾನೂ ಹೋಗಿದ್ದೆ. ಆ ಮಹಾಶಯ ತಲೆ ಎತ್ತದೆ ಮರಾಠಿಯಲ್ಲಿ ಹೇಳಿದ್ದೇನು? ವಯಸ್ಸಾಯಿತು, ಭಜನೆ ಮಾಡಿ ಎಂದು!

ಕಾಕು ಮರಾಠಿಯಲ್ಲೇ ಶುರು ಮಾಡಿ, ಸಿಟ್ಟು ಏರಿದಂತೆ ಕನ್ನಡಕ್ಕಿಳಿದಳು: "ನಿಮ್ಮ ಮೈಗೆ ಬೆಂಕಿ ಹತ್ತಿದ್ರ ತಾಳ ಬಾರಿಸ್ತೀರೇನ್ರಿ?"

ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಎದ್ದು ನಿಂತ!

ಆಮೇಲೆ ಕಾಕು ತಾನೇ ಒಬ್ಬ ಲೇಡಿ ಡಾಕ್ಟರನ್ನು ಹುಡುಕಿಕೊಂಡಳು. ಆಕೆ ಎಲ್ಲ ಕೇಳಿ, ತಪಾಸಣೆ ಮಾಡಿ, ಸೊಂಟದ ಕೆಳಗೆ ಅಂಟಿಸಿಕೊಳ್ಳುವ ಹಾರ್ಮೋನು ಪ್ಯಾಚು ಬರೆದುಕೊಟ್ಟರು. ಔಷಧಿ ಚರ್ಮದಿಂದಲೇ ಒಳಗಿಳಿಯುತ್ತದಂತೆ. ಮನೆಯಲ್ಲಿ ಅಜ್ಜಿ, ಅಂದರೆ ಕಾಕುವಿನ ಅತ್ತೆ, ಗೊಣಗಿದರು: "ನಮಗ ಬರಲಿಲ್ಲೇನು ಇದು? ನಾವೇನ ಪಟ್ಟಿ ಹಚ್ಚಿಕೊಂಡ್ವೇನು?"

ಒಂದು ಬೆಳಿಗ್ಗೆ ಪ್ಯಾಚು ಮಾಯ! ಹಾಸಿಗೆ ಝಾಡಿಸಿದ್ದಾಯಿತು, ಬಚ್ಚಲು ಹುಡುಕಿದ್ದಾಯಿತು. ಕೊನೆಗೆ ಸಿಕ್ಕಿದ್ದು ಕಾಕಾನ ಬೆನ್ನ ಮೇಲೆ.

"ಅಯ್ಯಯ್ಯ, ನನಗೇನಾರ ಆಗ್ತದೇನ?"

"ಆಗ್ಲಿ! ಒಮ್ಮೆ ನೀವೂ ಬೆವತ್ರ ತಿಳೀತದ!"

ಕೆಲವು ವಾರಗಳಲ್ಲಿ ಬಿಸಿ ಇಳಿಯಿತು, ನಿದ್ದೆ ಬಂತು. ಸಿಟ್ಟು ಮಾತ್ರ ಹೋಗಲಿಲ್ಲ. ಹೋಗಲು ಅದೇನು ಕಾಯಿಲೆಯೇ? "ಇಷ್ಟೇ ಇಷ್ಟು ಪ್ಯಾಚಿನಿಂದ ಆಗೋ ಕೆಲಸ! ಇಷ್ಟು ದಿನ ಸುಮ್ಮನ ಬೆಂದೆನಲ್ಲ!" ಎಂದು ಒಂದು ಮಧ್ಯಾಹ್ನ ಮೆಂತ್ಯೆ ಸೊಪ್ಪು ಬಿಡಿಸುತ್ತ ಆ ಭಜನೆ ಡಾಕ್ಟರನ್ನು ಬೈಯುತ್ತಿದ್ದಳು. ಎದುರಿಗೆ ಕೂತು ಜೊತೆಗೆ ಬಿಡಿಸುತ್ತಿದ್ದ ಅಜ್ಜಿಯ ಕೈ ನಿಂತಿತು.

"ನನಗೂ ಹಿಂಗ ಆಗಿತ್ತವ್ವಾ. ಹುಚ್ಚು ಹಿಡದದ ಅಂತ ಜೇಜುರಿ ಗುಡಿಗೆ ಕರಕೊಂಡು ಹೋಗಿ, ಖಂಡೋಬ ದೇವರ ಮುಂದ ಕೂಡಿಸಿ ಹಣೀ ತುಂಬ ಅರಿಶಿಣದ ಭಂಡಾರ ಬಳದ್ರು. ನಾನೂ ಹುಚ್ಚೀನ ಅಂತ ತಿಳಕೊಂಡೆ."

"ಯಾರ್ರಿ ಹಂಗ ಅಂದವ್ರು? ಹೆಸರು ಹೇಳ್ರಿ!"

"ಎಲ್ಲಾರೂ ಸತ್ತುಹೋದ್ರವ್ವಾ."

ಜಗಳಾಡಲು ಯಾರೂ ಉಳಿದಿರಲಿಲ್ಲ. ಕಾಕು ಸೊಪ್ಪು ಸರಿಸಿ ಅಜ್ಜಿಯನ್ನು ಎದೆಗವಚಿಕೊಂಡಳು. ಹಲ್ಲು ಕಚ್ಚಿಕೊಂಡೇ ಅತ್ತಳು.