ಐದು ಕಳ್ಳಿ, ಐವರು ಕಳ್ಳಿಯರು

ಜೀವವಿರುವ ಏನನ್ನಾದರೂ ಹತ್ತು ದಿನ ತಮ್ಮ ಕೈಗೆ ಕೊಟ್ಟು ನೋಡಲಿ, ಆಮೇಲೆ ಮಾತಾಡಲಿ! ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಅಳತೆ ಪರೀಕ್ಷೆಯ ಮುಖ್ಯಸ್ಥರಾದ ವಿಷ್ಣುಮೂರ್ತಿಯವರು ಮಾಕಳಿಯ ತಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು ಮಾಡಿದ ಪ್ರತಿಜ್ಞೆ ಇದು. ಸಾಕ್ಷಿಗೆ ಎದುರಿನಲ್ಲಿ ಹತ್ತು ಕುಂಡಗಳಿದ್ದವು.

ಕುಂಡಗಳು ಹೆಂಡತಿ ಶ್ರೀರಂಜನಿಯವು. ದಪ್ಪ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಜಾತಿ: ಕಮಲದಂತೆ ಅರಳಿದ ಎಚೆವೇರಿಯಾ, ಬಿಳಿ ಪಟ್ಟೆಯ ಹಾವರ್ಥಿಯಾ, ನಾಣ್ಯದಂಥ ಎಲೆಯ ಜೇಡ್, ಮುಳ್ಳಿನ ಉಂಡೆಯೊಂದು, ಮಣಿಸರದಂತೆ ಇಳಿಬಿದ್ದ ಬಳ್ಳಿಯೊಂದು. ಎಲ್ಲವೂ ಎರಡೆರಡು. ವಿಷ್ಣುಮೂರ್ತಿಯವರ ಪಾಲಿಗೆ ಎಲ್ಲವೂ ಕಳ್ಳಿಯೇ. ಅಕ್ಕನ ಮಂಡಿಯ ಆಪರೇಷನ್ನಿಗೆಂದು ಶ್ರೀರಂಜನಿ ಬೇಗೂರಿಗೆ ಹೊರಟಿದ್ದರು. ಬೇಗೂರೂ ಇದೇ ಊರಿನಲ್ಲಿದೆ. ಆದರೂ ಊರಿನ ಇನ್ನೊಂದು ತುದಿಯ ಮಾಕಳಿಯಿಂದ ದಿನಾ ಹೋಗಿಬರುವುದಕ್ಕಿಂತ ಹತ್ತು ದಿನದ ಬಟ್ಟೆ ಕಟ್ಟಿಕೊಂಡು ಹೋಗುವುದೇ ವಾಸಿ.

"ಏನೂ ಮಾಡ್ಬೇಡಿ," ಎಂದಿದ್ದರು ಹೊರಡುವಾಗ.

"ನೀರು?"

"ನೀರೂ ಬೇಡ. ಅವಕ್ಕೆ ಬೇಕಾಗಿರೋದು ನಿಮ್ಮ ನಿರ್ಲಕ್ಷ್ಯ ಕಣ್ರೀ. ಇಪ್ಪತ್ತೆರಡು ವರ್ಷದಿಂದ ನಂಗೆ ಎಷ್ಟು ಕೊಟ್ಟಿದೀರೋ, ಅಷ್ಟೇ ಅವಕ್ಕೂ ಕೊಡಿ. ಚೆನ್ನಾಗಿರ್ತವೆ."

ಆಟೋ ಹೋಯಿತು. ಮಾತು ಉಳಿಯಿತು.

ಆ ಮಾತನ್ನು ಸುಳ್ಳು ಮಾಡಲು ಸಂಜೆಯೊಳಗೆ ಹೊಸ ರಿಜಿಸ್ಟರೊಂದು ಸಿದ್ಧವಾಯಿತು. ಪ್ರತಿ ಕುಂಡಕ್ಕೂ ಒಂದು ಸಂಖ್ಯೆ. ದಿನಕ್ಕೆ ತಲಾ ಇಪ್ಪತ್ತು ಮಿಲಿಲೀಟರು ನೀರು, ಅದೂ ಸಿರಿಂಜಿನಲ್ಲಿ. ಎಲೆಯ ದಪ್ಪ ಅಳೆಯಲು ಕಾರ್ಖಾನೆಯ ವರ್ನಿಯರ್ ಕ್ಯಾಲಿಪರ್. ಅವರ ಕಣ್ಣು ಎಲೆಯ ಮೇಲೆ ನಿಂತದ್ದು ಕಡಿಮೆ. ಅಂಕಿಯ ಮೇಲೆ ನಿಂತದ್ದೇ ಹೆಚ್ಚು.

ಮೂರನೆಯ ದಿನ ರಿಜಿಸ್ಟರಿನಲ್ಲಿ ಹೀಗೆ ದಾಖಲಾಯಿತು: "ಎರಡನೇ ಕುಂಡ. ಹನ್ನೊಂದು ಎಲೆಗಳ ದಪ್ಪದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪ್ರಕೃತಿಯ ಉತ್ಪಾದನಾ ಶಿಸ್ತು ಅದ್ಭುತ!" ಮೂವತ್ತು ವರ್ಷದಿಂದ ಪೀಣ್ಯದ ಯಾವ ಶೆಡ್ಡಿನಲ್ಲೂ ಕಾಣದ ನಿಖರತೆ ತಮ್ಮ ಬಾಲ್ಕನಿಯಲ್ಲೇ ಇತ್ತಲ್ಲ ಎಂದು ಅವರು ಆ ಸಾಲಿನ ಕೆಳಗೆ ಎರಡು ಗೆರೆ ಎಳೆದರು.

ನಾಲ್ಕನೆಯ ದಿನದಿಂದ ಜೋಡಿಗಳಲ್ಲಿ ಭೇದ ಕಾಣಿಸಿತು. ಒಂದೇ ಬಿಸಿಲು, ಒಂದೇ ನೀರು. ಆದರೂ ಅಣ್ಣ ದಷ್ಟಪುಷ್ಟ, ತಮ್ಮ ಹಳದಿ. ಅಣ್ಣಂದಿರು ಕೊಟ್ಟ ನೀರನ್ನು ಪೂರ್ತಿ ಕೆಳಗಿನ ತಟ್ಟೆಗೆ ಹಿಂದಿರುಗಿಸುವ ಮಿತಾಹಾರಿಗಳು. ತಮ್ಮಂದಿರು ಕುಡಿದೂ ಸೊರಗುವ ಅಶಿಸ್ತಿನವರು. ವಿಷ್ಣುಮೂರ್ತಿಯವರು ತಮ್ಮಂದಿರ ಪಾಲನ್ನು ನಲವತ್ತಕ್ಕೆ ಏರಿಸಿದರು. ಏಳನೆಯ ದಿನ ಅರವತ್ತಾಯಿತು. ಶ್ರೀರಂಜನಿ ಒಂದೇ ಒಂದು ಎಲೆಯಿಂದ ಆರು ವರ್ಷ ಸಾಕಿದ್ದ ಜೇಡ್, ಆ ಅರವತ್ತರ ಭಾರಕ್ಕೆ ಬುಡದಲ್ಲಿ ಕರಗಿ, ಮಂಡಿಯೂರಿ ಕುಳಿತಿತು.

ಒಂಬತ್ತನೆಯ ದಿನ ಮನೆಗೆಲಸದ ಚಿಕ್ಕಮುನಿಯಮ್ಮ ಬಾಲ್ಕನಿಗೆ ಬಂದಳು. ಎರಡನೇ ಕುಂಡದ ಮುಂದೆ ಕುಕ್ಕರಿಸಿ, ಒಂದು ಎಲೆಯನ್ನು 'ಟಕ್' ಎಂದು ಕಿತ್ತಳು.

"ಅಯ್ಯೋ! ಏನಮ್ಮಾ ಮಾಡ್ತಿದೀಯ!"

"ಧೂಳು ಒರೆಸ್ತಿವ್ನಿ ಸಾರ್. ಅಕ್ಕಾವ್ರು ಯೋಳವ್ರೆ." ಎಲೆಯನ್ನು ಸೆರಗಿಗೆ ತಿಕ್ಕಿ, 'ಟಕ್' ಎಂದು ಅಲ್ಲೇ ಕೂರಿಸಿದಳು.

ಕಸಿ ಕಟ್ಟುವುದು ಇಷ್ಟು ಸುಲಭವೆಂದು ವಿಷ್ಣುಮೂರ್ತಿಯವರಿಗೆ ತಿಳಿದಿರಲಿಲ್ಲ. "ಅದು... ಅಂಟ್ಕೊಳ್ತಾ?"

ಚಿಕ್ಕಮುನಿಯಮ್ಮ ಅವರನ್ನೂ ಅವರ ಕೈಯ ಸಿರಿಂಜನ್ನೂ ಒಂದು ಗಳಿಗೆ ನೋಡಿದಳು. "ಸಾರ್, ಇದು ಮಕ್ಕಳು ಜೋಡಿಸಿ ಆಡೋ ಪಿಲಾಸ್ಟಿಕ್ ಇಟ್ಟಿಗೆ. ನೀವು ಇದುಕ್ಕೂ ಸೂಜಿಮದ್ದು ಆಕ್ತಾ ಇದ್ರಾ?"

ಕನ್ನಡಕ ಸರಿಪಡಿಸಿಕೊಂಡು ಅವರು ಬಗ್ಗಿದರು. ಎಲೆ ಎಲೆಗೂ ಕೀಲು. ಮಣ್ಣಿನ ಜಾಗದಲ್ಲಿ ಕಂದು ಪ್ಲಾಸ್ಟಿಕ್ ಗುಬಟುಗಳು. ಹತ್ತು ಕಳ್ಳಿಗಳಲ್ಲಿ, ಜೋಡಿಗೊಂದರಂತೆ, ಐದು ಮಾತ್ರ ಕಳ್ಳಿ. ಮಿಕ್ಕ ಐವರು ಅಪ್ಪಟ ಕಳ್ಳಿಯರು! ಅವರು ಹೊಗಳಿದ್ದೆಲ್ಲ ಕಳ್ಳಿಯರನ್ನು, ಮುಳುಗಿಸಿದ್ದೆಲ್ಲ ಕಳ್ಳಿಯನ್ನು.

ಮರುದಿನ ಶ್ರೀರಂಜನಿ ಬಂದರು. ವಿಷ್ಣುಮೂರ್ತಿಯವರು ಮಾತಿಗೆ ಬದಲು ರಿಜಿಸ್ಟರನ್ನು ಮುಂದಿಟ್ಟರು. ಆಕೆ ನಿಂತೇ ಓದಿದರು. ಹನ್ನೊಂದು ಎಲೆಗಳ ಸಾಲಿಗೆ ಬಂದಾಗ ತುಟಿ ಕಚ್ಚಿಕೊಂಡರು.

"ಆ ಇಟ್ಟಿಗೆ ಡಬ್ಬ ಸುಕೃತಿ ತಂದುಕೊಟ್ಟಿದ್ದು. ನಿಮ್ಮ ಮಗಳು, ನೆನಪಿದೆ ತಾನೇ?"

"ನಂಗೆ ಯಾರೂ ಹೇಳ್ಲಿಲ್ವಲ್ಲೇ."

"ಹೇಳೋದೇನ್ರೀ! ಮೂರು ಭಾನುವಾರ ಊಟದ ಟೇಬಲ್ ಮೇಲೆ, ನಿಮ್ಮೆದುರಿಗೇ ಕೂತು ಜೋಡಿಸಿದೆ. ತಟ್ಟೆ ಇಡಕ್ಕೆ ಜಾಗ ಇಲ್ಲ ಅಂತ ಬೈದ್ರಲ್ಲ!"

ವಿಷ್ಣುಮೂರ್ತಿಯವರಿಗೆ ತಟ್ಟೆ ಮಾತ್ರ ನೆನಪಿತ್ತು.

ಶ್ರೀರಂಜನಿ ಕೊಳೆತ ಜೇಡ್ ಗಿಡವನ್ನು ಕೆದಕಿ, ಗಟ್ಟಿಯಾಗಿದ್ದ ಒಂದು ಎಲೆಯನ್ನು ಹುಡುಕಿ ತೆಗೆದು ಒಣ ಮಣ್ಣಿನ ಮೇಲೆ ಮಲಗಿಸಿದರು. "ಒಂದು ಎಲೆ ಸಾಕು, ಬರುತ್ತೆ. ಅಳೀಬೇಡಿ, ನೀರು ಹಾಕ್ಬೇಡಿ. ಸುಮ್ನೆ ನೋಡ್ತಾ ಇರಿ ಸಾಕು."

"ನೋಡ್ತೀನಿ. ಇನ್ಮೇಲೆ ಎಲ್ಲಾನೂ ಕಣ್ಣಿಟ್ಟು ನೋಡ್ತೀನಿ."

"ಹಾಗಾದ್ರೆ ನನ್ನಿಂದ ಶುರು ಮಾಡಿ. ನಾನು ಬಂದು ಅರ್ಧ ಗಂಟೆ ಆಯ್ತು."

ವಿಷ್ಣುಮೂರ್ತಿಯವರು ಕ್ಯಾಲಿಪರನ್ನು ಕೆಳಗಿಟ್ಟರು. ಯಾವ ಉಪಕರಣದ ನೆರವೂ ಇಲ್ಲದೆ ಹೆಂಡತಿಯನ್ನು ಅಡಿಯಿಂದ ಮುಡಿಯವರೆಗೆ, ಆತುರವಿಲ್ಲದೆ ಪರೀಕ್ಷಿಸಿದರು. ಕೊನೆಗೆ ಅವರ ಮುಖ ಅರಳಿತು.

"ಕನ್ನಡಕ! ಹೊಸ ಕನ್ನಡಕ ತಗೊಂಡಿದೀಯ!"

"ಹಾಕ್ಕೊಳ್ಳಕ್ಕೆ ಶುರು ಮಾಡಿ ನಾಲ್ಕು ವರ್ಷ ಆಯ್ತು ಕಣ್ರೀ," ಎಂದರು ಶ್ರೀರಂಜನಿ.