ಜೇಬಿನಲ್ಲಿ ಉಳಿದ ಅಕ್ಷತೆ

ನನಗೊಂದು ಕೆಟ್ಟ ಅಭ್ಯಾಸವಿದೆ. ಮನಸ್ಸಿಗೆ ಒಪ್ಪದ ಮದುವೆಗೆ ಹೋದರೆ ನಾನು ಅಕ್ಷತೆ ಹಾಕುವುದಿಲ್ಲ. ಊಟ ಬಿಡುವುದಿಲ್ಲ, ಹುಗ್ಗಿಗೆ ಎರಡನೆಯ ಸಲವೂ ಕೈ ಚಾಚುತ್ತೇನೆ. ಆದರೆ ಎಲ್ಲರೂ ಅಕ್ಷತೆ ಹಾಕುವ ಹೊತ್ತಿಗೆ ನನ್ನ ಮುಷ್ಟಿ ಮೆಲ್ಲಗೆ ಜೇಬಿಗೆ ಇಳಿಯುತ್ತದೆ. ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಉಮರ್ಗಾ ಕಡೆ ಅಕ್ಷತೆ ಎಂದರೆ ಅಕ್ಕಿಯಲ್ಲ, ಬಣ್ಣ ಹಚ್ಚಿದ ಜೋಳ. ಹಾಗಾಗಿ ನನಗೆ ಹಿಡಿಸದ ಮದುವೆ ಯಾವುದೆಂದು ಮರುದಿನ ಬಟ್ಟೆ ಒಗೆಯುವ ಹೆಂಡತಿಗೆ ತಾನಾಗಿಯೇ ತಿಳಿಯುತ್ತದೆ. ಅಂಗಿ ಮುಳುಗಿಸುತ್ತಲೇ ಬಕೆಟ್ಟಿನ ನೀರು ಗುಲಾಬಿ. "ಈ ಸಲ ಯಾರ ಮ್ಯಾಲ ಸಿಟ್ಟರೀ?" ಎನ್ನುತ್ತಾಳೆ.

ಸಿಟ್ಟಲ್ಲ, ಆತ್ಮಸಾಕ್ಷಿ. ನನ್ನದು ವಿಭೂತಿ, ಊದುಬತ್ತಿಯ ಸಣ್ಣ ಅಂಗಡಿ. ಗಿರಾಕಿ ಇಲ್ಲದಾಗ ಪೇಪರ್ ಓದುತ್ತೇನೆ. ದೊಡ್ಡವನಾದ ಮೇಲೆ ಅಕ್ಷರ ಕಲಿತವನು. ಈಗಲೂ ಸಾಲಿನ ಕೆಳಗೆ ಬೆರಳಿಟ್ಟೇ ಓದುವುದು, ಇದನ್ನು ಟೈಪ್ ಮಾಡುತ್ತಿರುವುದೂ ಅದೇ ಬೆರಳಿನಿಂದ. ವಯಸ್ಸಿಗೆ ಬಂದ ಇಬ್ಬರು ಒಪ್ಪಿದರೆ ಸಾಕು, ಮನೆಯವರು, ಜಾತಿಯವರು ಅಡ್ಡ ಬರಬಾರದು ಎಂದು ಕೋರ್ಟು ಹೇಳಿದ್ದನ್ನು ಹೀಗೆಯೇ ಓದಿದೆ. ಹುಡುಗಿಯನ್ನು ಕೋಣೆಯಲ್ಲಿ ಕೂಡಿಹಾಕುವುದು, ಹುಡುಗನಿಗೆ ಬಡಿಯುವುದು ಪಾಪವೇ. ಅಷ್ಟರ ಮಟ್ಟಿಗೆ ನ್ಯಾಯಾಧೀಶರಿಗೆ ನನ್ನ ನಮಸ್ಕಾರ. ಆದರೆ ಮದುವೆ ಬರೀ ಇಬ್ಬರ ಕರಾರಲ್ಲ. ಗುರು, ಹಿರಿಯರು, ಎರಡು ಮನೆಯ ದೇವರು ಎಲ್ಲ ಸೇರಿ ಹಾಕುವ ಗಂಟು ಎಂದು ಈಗಲೂ ನಂಬಿದ್ದೇನೆ. ಅದೇ ಪೇಪರಿನಲ್ಲಿ ಮತ್ತೊಂದು ದಿನ, ಆತ್ಮಸಾಕ್ಷಿಯಂತೆ ನಡೆಯುವ ಹಕ್ಕು ಎಲ್ಲರಿಗೂ ಇದೆ ಎಂದೂ ಬಂತು. ಎಲ್ಲರಿಗೂ ಅಂದಮೇಲೆ ನನ್ನ ಮುಷ್ಟಿಗೂ ಇರಬೇಕಲ್ಲ? ಆ ತುಂಡನ್ನು ಕತ್ತರಿಸಿ ಗಲ್ಲಾಪೆಟ್ಟಿಗೆಗೆ ಅಂಟಿಸಿದೆ.

ಅಭ್ಯಾಸ ಶುರುವಾದದ್ದು ತಂಗಿ ಮಹಾದೇವಿಯ ಮದುವೆಯಲ್ಲಿ. ನನಗೆ ಅಕ್ಷರ ಕಲಿಸಿದವಳೇ ಅವಳು. ನಾನು ಗಡ್ಡ ಬಂದ ಗಂಡಸು, ಅವಳು ಏಳನೆಯ ಇಯತ್ತೆಯ ಹುಡುಗಿ. ರೊಟ್ಟಿ ಬಡಿಯುವ ಮೊದಲು ಪರಾತದಲ್ಲಿ ಹರವಿದ ಹಿಟ್ಟಿನಲ್ಲಿ ನನ್ನ ಹೆಸರು ಬರೆಯುತ್ತಿದ್ದಳು, ನಾನು ಅದರ ಮೇಲೆ ತಿದ್ದಬೇಕು. ತಪ್ಪಿದರೆ ಹಿಟ್ಟಿನ ಕೈಯಲ್ಲೇ ತಲೆಗೆ ಒಂದು ಬೀಳುತ್ತಿತ್ತು. ಎಷ್ಟೋ ಸಲ ಆ ಬಿಳಿ ತಲೆಯಲ್ಲೇ ಕಟ್ಟೆಗೆ ಹೋಗಿ ಕೂತದ್ದುಂಟು. ಅಂಥವಳು ನಮ್ಮ ಪೈಕಿಯಲ್ಲದ ನಿಲಂಗಾದ ಒಬ್ಬ ಮೇಷ್ಟ್ರನ್ನು ಮೆಚ್ಚಿದಳು. ಅವ್ವ ಅತ್ತಳೆಂದು ಮದುವೆಗೆ ಹೋದೆ. ಅಂತರಪಟ ಸರಿದು ಎಲ್ಲರ ಕೈ ಮೇಲೆದ್ದಾಗ ಮಹಾದೇವಿ ಗಂಡನನ್ನು ನೋಡಲಿಲ್ಲ, ಜೇಬಿಗೆ ಇಳಿದ ನನ್ನ ಕೈಯನ್ನು ನೋಡಿದಳು. ಆಮೇಲೆ ಎಷ್ಟೋ ಪಂಚಮಿಗೆ ಬಂದಳು, ಉಂಡಿ ತಿಂದಳು, ನಕ್ಕಳು. ಆ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಹೋದ ತಿಂಗಳು ಅವಳ ಫೋನು ಬಂತು. ಮಗಳು ಪೂಜಾ ತಾನೇ ಮೆಚ್ಚಿದ ಹುಡುಗನನ್ನು ಲಾತೂರಿನ ಕಚೇರಿಯಲ್ಲಿ ರಜಿಸ್ಟರ್ ಮದುವೆಯಾಗುತ್ತಾಳಂತೆ. ಮಂಟಪವಿಲ್ಲ, ಗುರುಗಳಿಲ್ಲ, ಮೂವರು ಸಾಕ್ಷಿ ಬೇಕು. ಅವರಲ್ಲಿ ಒಬ್ಬ ನಾನಾಗಬೇಕಂತೆ. ನಾನು ಆತ್ಮಸಾಕ್ಷಿ ಎಂದು ಶುರುಮಾಡಿ, ಪೇಪರಿನ ತುಂಡನ್ನೂ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಣ್ಣಾ, ಆ ಹಕ್ಕು ನಿನ್ನ ಹತ್ರನೇ ಇರ್ಲಿ. ಸಹಿ ಮಾತ್ರ ನಾ ಕಲಿಸಿದ್ದು. ಈಗ ಒಮ್ಮೆ ನನಗ ಬೇಕಾಗ್ಯಾದ."

ಬಸ್ಸಿನಲ್ಲಿ ನನ್ನೊಳಗೇ ವಾದ ಮಾಡಿಕೊಂಡೆ. ಸಾಕ್ಷಿಯ ಸಹಿ ಆಶೀರ್ವಾದವಲ್ಲ. ಇಬ್ಬರೂ ಒಪ್ಪಿದ್ದನ್ನು ಕಂಡೆ ಎಂಬಷ್ಟೇ. ಕಂಡದ್ದನ್ನು ಕಂಡೆ ಎಂದರೆ ಯಾವ ದೇವರೂ ಸಿಟ್ಟಾಗಲಾರ. ಹಾಗೆಂದುಕೊಂಡು ಕಚೇರಿಯಲ್ಲಿ ಸಹಿ ಹಾಕಿದೆ. ಅದು ಮುಗಿಯುವಷ್ಟರಲ್ಲಿ ಸಾಹೇಬರು ಎರಡು ಸಲ ಗಡಿಯಾರ ನೋಡಿದರು. ಮಹಾದೇವಿ ಪಕ್ಕದಲ್ಲೇ ನಿಂತು ನನ್ನ ಬೆರಳು ನೋಡುತ್ತಿದ್ದಳು. ಹಳೆಯ ರೂಢಿಯಂತೆ ತಲೆ ತುಸು ತಗ್ಗಿಸಿಕೊಂಡೆ.

ಹುಡುಗ, ಹುಡುಗಿ ಹಾರ ಹಾಕಿಕೊಂಡರು. ಅಷ್ಟೇ, ಮುಗಿಯಿತು. ಯಾರ ಕೈಯೂ ಮೇಲೇಳಲಿಲ್ಲ, ಯಾರ ಕೈಯಲ್ಲೂ ಏನೂ ಇರಲಿಲ್ಲ. ನನ್ನ ಜೇಬಿನಲ್ಲಿತ್ತು. ಬೆಳಿಗ್ಗೆ ಅಂಗಡಿಯ ಕುಂಕುಮದಲ್ಲಿ ಒಂದು ಹಿಡಿ ಜೋಳ ಕಲಸಿ ತಂದಿದ್ದೆ. ಯಾಕೆಂದು ನನ್ನನ್ನೇ ಕೇಳಿಕೊಂಡಿರಲಿಲ್ಲ. ಅರ್ಧ ಪೂಜಾಳ ತಲೆಯ ಮೇಲೆ ಬಿತ್ತು, ಉಳಿದರ್ಧ ಮಹಾದೇವಿಯ ತಲೆಯ ಮೇಲೆ. ಸಿಪಾಯಿ ಓಡಿ ಬಂದು, ಇಲಿಗಳು ಬಂದು ಫೈಲು ತಿನ್ನುತ್ತವೆ ಎಂದು ಮರಾಠಿಯಲ್ಲಿ ಗದರಿ ಕಸಬರಿಗೆ ಕೊಟ್ಟ. ಬಗ್ಗಿ ಗುಡಿಸಿದೆ. ಮಹಾದೇವಿ ಮಾತ್ರ ಕೂದಲಲ್ಲಿ ಸಿಕ್ಕ ಕಾಳುಗಳನ್ನು ಕೊಡವಿಕೊಳ್ಳಲಿಲ್ಲ. ನಿಲಂಗಾದ ಬಸ್ಸು ಹತ್ತುವಾಗಲೂ ಅವು ಅಲ್ಲೇ ಇದ್ದವು.

ಮರುದಿನ ಹೆಂಡತಿ ಜೇಬು ತಿರುವಿ ನೋಡಿದಳು. "ಬಣ್ಣ ಅದ, ಕಾಳ್ ಎಲ್ಲಿ ಹೋದ್ವು?" ಆತ್ಮಸಾಕ್ಷಿಯ ಮನುಷ್ಯನಾದ ನಾನು, ಜೇಬು ಹರಿದದ, ಉದುರಿರಬೇಕು ಎಂದೆ. ಅವಳು ಒಳಗೆ ಬೆರಳು ಹಾಕಿ ಮೂಲೆ ಮೂಲೆ ತಡವಿದಳು. ಒಂದು ತೂತೂ ಸಿಗಲಿಲ್ಲ. ಅಂಗಿ ಒಣಗಿದ ಮೇಲೆ ಸೂಜಿ ದಾರ ತಂದು ಜೇಬಿನ ಬಾಯನ್ನೇ ಹೊಲಿದುಬಿಟ್ಟಳು. ಮದುವೆಗೆ ಹಾಕಿಕೊಳ್ಳುವಂಥ ಅಂಗಿ ನನಗಿರುವುದು ಅದೊಂದೇ.